ಅಣ್ಣ ಬದಲಿಸಿದ ಬೀಗ, ಅಣ್ಣನೇ ಸಾಗಿಸಿದ ಕಾರು: ಓದುಗರ ಸ್ಪಂದನ

ಬೆಂಗಳೂರಿನ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಂಕಟವನ್ನು ಹಂಚಿಕೊಂಡಿದ್ದರು. ತಾಯಿ, ಅಣ್ಣ ಮತ್ತು ಅವರು ಆರು ವರ್ಷಗಳಿಂದ ಒಂದೇ ಬಾಡಿಗೆ ಮನೆಯಲ್ಲಿದ್ದಾರೆ. ಕರಾರುಪತ್ರ ಅಣ್ಣನೊಬ್ಬನ ಹೆಸರಿನಲ್ಲಿದ್ದರೂ, ತಿಂಗಳ 24,000 ರೂಪಾಯಿ ಬಾಡಿಗೆಯಲ್ಲಿ ಅರ್ಧವನ್ನು ಮತ್ತು ಮುಂಗಡದ ಅರ್ಧವನ್ನು ತಂಗಿಯಾದ ಈ ಓದುಗರೇ ಕೊಟ್ಟಿದ್ದಾರೆ. ತೀರಿಕೊಂಡ ತಂದೆಯ ಹೆಸರಿನಲ್ಲೇ ಉಳಿದಿರುವ ಕಾರನ್ನು ಒಂದು ವರ್ಷದಿಂದ ಅವರು ಬಳಸುತ್ತಿದ್ದರು. ಜಗಳವೊಂದರ ನಂತರ, ಅವರು ಕಚೇರಿಯಲ್ಲಿದ್ದಾಗ ಅಣ್ಣ ಖಾಸಗಿ ಟೋಯಿಂಗ್ ವಾಹನ ಕರೆಸಿ, ಕಾಂಪೌಂಡಿನೊಳಗಿದ್ದ ಕಾರನ್ನು ಬೇರೆಡೆಗೆ ಸಾಗಿಸಿ, ಮನೆಯ ಬೀಗವನ್ನೂ ಬದಲಿಸಿದ್ದಾರೆ. ಪೊಲೀಸರು ಇದು ಮನೆಯೊಳಗಿನ ಸಿವಿಲ್ ವ್ಯಾಜ್ಯವೆಂದು ಹೇಳಿ ಕಳುಹಿಸಿದ್ದಾರೆ. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಎರಡು ಗಂಟುಗಳನ್ನು ಬೇರೆ ಬೇರೆಯಾಗಿ ಬಿಡಿಸಿ

ನ್ಯಾಯಾಲಯದ ಕಚೇರಿಯಲ್ಲಿ ಮೂವತ್ತು ವರ್ಷ ಕಡತಗಳ ನಡುವೆಯೇ ಬದುಕಿದವನಾಗಿ ಹೇಳುತ್ತೇನೆ: ಮನೆಯ ವ್ಯಾಜ್ಯವನ್ನೂ ಕಾರಿನ ವ್ಯಾಜ್ಯವನ್ನೂ ಒಂದೇ ದೂರಿನಲ್ಲಿ ಕಲಸಿ ಬರೆದರೆ, ಓದುವ ಅಧಿಕಾರಿಗೆ ಅಣ್ಣ ತಂಗಿಯರ ಜಗಳವೊಂದೇ ಕಾಣುತ್ತದೆ, ನಿಮಗಾದ ಅನ್ಯಾಯ ಕಾಣುವುದಿಲ್ಲ.

ಮೊದಲು ಮನೆ. ಕರಾರು ಅಣ್ಣನ ಹೆಸರಿನಲ್ಲಿದೆ ಎಂಬ ಮಾತ್ರಕ್ಕೆ ಅವರು ನಿಮ್ಮ ಮನೆ ಮಾಲೀಕರಾಗುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಅಧಿನಿಯಮವು ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲವಾದ್ದರಿಂದ, ನಿಮ್ಮ ಮನೆ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ ಅಡಿಯಲ್ಲಿ ಬರುತ್ತದೆ. ಅಲ್ಲಿಯೂ ತಿಂಗಳ ಬಾಡಿಗೆದಾರರನ್ನು ಬಿಡಿಸಬೇಕಾದರೆ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದ ಪಕ್ಷದಲ್ಲಿ, ಮಾಲೀಕರು 15 ದಿನಗಳ ನೋಟಿಸು ಕೊಡಬೇಕು. ಆಮೇಲೂ ಬಿಡದಿದ್ದರೆ ನ್ಯಾಯಾಲಯಕ್ಕೆ ಹೋಗಬೇಕು. ಮಾಲೀಕರಿಗೇ ಬೀಗ ಬದಲಿಸುವ ಅಧಿಕಾರವಿಲ್ಲದಿರುವಾಗ ಜೊತೆಯಲ್ಲಿ ವಾಸಿಸುವ ಅಣ್ಣನಿಗೆ ಅದು ಎಲ್ಲಿಂದ ಬರಬೇಕು?

ನಿಮ್ಮ ಕೈಯಲ್ಲಿರುವ ಬಲವಾದ ದಾರಿ 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ. ಇದು ಗಂಡ ಹೆಂಡಿರ ನಡುವಿನ ಕಾನೂನು ಎಂದೇ ಬಹಳ ಮಂದಿ ತಿಳಿದಿದ್ದಾರೆ. ಆದರೆ ರಕ್ತಸಂಬಂಧದಿಂದ ಒಂದೇ ಮನೆಯಲ್ಲಿ ಬಾಳಿದ ಅಕ್ಕ ತಂಗಿಯರಿಗೂ ಅದು ಅನ್ವಯಿಸುತ್ತದೆ. ಹಂಚಿಕೊಂಡ ಮನೆ ಎಂಬುದರಲ್ಲಿ ಬಾಡಿಗೆ ಮನೆಯೂ ಸೇರುತ್ತದೆ, ಬಾಡಿಗೆ ಕರಾರು ಒಬ್ಬರ ಹೆಸರಿನಲ್ಲೇ ಇದ್ದರೂ ಸೇರುತ್ತದೆ. ಆ ಮನೆಯಲ್ಲಿ ನಿಮಗೆ ಹಕ್ಕುಪತ್ರ ಇರಲಿ, ಇಲ್ಲದಿರಲಿ, ಕಲಂ 17 ನಿಮಗೆ ವಾಸದ ಹಕ್ಕನ್ನು ಕೊಡುತ್ತದೆ. ಕಲಂ 19ರ ಅಡಿಯಲ್ಲಿ ಮ್ಯಾಜಿಸ್ಟ್ರೇಟರು ನಿಮ್ಮನ್ನು ಹೊರಹಾಕದಂತೆ ಆದೇಶಿಸಬಹುದು, ಅಥವಾ ಅದೇ ಮಟ್ಟದ ಬೇರೆ ಮನೆಯ ಬಾಡಿಗೆಯನ್ನು ಅಣ್ಣನಿಂದ ಕೊಡಿಸಬಹುದು. ಅರ್ಜಿ ಸಲ್ಲಿಸಿದ ಮೇಲೆ ಮೊದಲ ವಿಚಾರಣೆಯನ್ನು ಸಾಮಾನ್ಯವಾಗಿ ಮೂರು ದಿನಗಳೊಳಗೆ ಇಡಬೇಕೆಂದೂ, 60 ದಿನಗಳಲ್ಲಿ ಮುಗಿಸಲು ಯತ್ನಿಸಬೇಕೆಂದೂ ಕಾನೂನು ಹೇಳುತ್ತದೆ. ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ಕಾಲ ಹಿಡಿಯುವುದನ್ನು ನಾನು ಕಂಡಿದ್ದೇನೆ. ಆದರೆ ಮಧ್ಯಂತರ ಆದೇಶಕ್ಕೆ ಅಷ್ಟು ಕಾಯಬೇಕಾಗಿಲ್ಲ. ನಿಮ್ಮ ಭಾಗದ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾನೂನಿನಡಿ ಸಂರಕ್ಷಣಾಧಿಕಾರಿ. ಅರ್ಜಿ ಬರೆಯುವುದಕ್ಕೆ ಅವರ ನೆರವನ್ನು ಕೇಳಿ ಪಡೆಯಿರಿ. ವಕೀಲರ ವೆಚ್ಚದ ಚಿಂತೆಯಿದ್ದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ. 15100 ಸಂಖ್ಯೆಗೆ ಕರೆ ಮಾಡಿ ಕೇಳಬಹುದು.

ನೀವು ಈಗಲೇ ಒಟ್ಟುಗೂಡಿಸಬೇಕಾದದ್ದು ಬ್ಯಾಂಕಿನ ವಿವರಪಟ್ಟಿ, ಆ ವಿಳಾಸವಿರುವ ಆಧಾರ್, ಗ್ಯಾಸ್ ಸಂಪರ್ಕದ ಪುಸ್ತಕ, ಬಾಡಿಗೆಯ ಬಗ್ಗೆ ಅಣ್ಣನೊಂದಿಗೆ ನಡೆದ ವಾಟ್ಸ್‌ಆ್ಯಪ್ ಮಾತುಕತೆ. ಮಾಲೀಕರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪತ್ರ ಬರೆದು, ಮುಂಗಡದಲ್ಲಿ ಅರ್ಧ ನಿಮ್ಮದೆಂದೂ, ಅದನ್ನು ನಿಮಗೆ ತಿಳಿಸದೆ ಅಣ್ಣನೊಬ್ಬರಿಗೇ ಹಿಂದಿರುಗಿಸಬಾರದೆಂದೂ ದಾಖಲಿಸಿ.
— ನಿವೃತ್ತ ನ್ಯಾಯಾಲಯ ಸಿಬ್ಬಂದಿ, ಮೈಸೂರು

ನಾನು ಕಳೆದುಕೊಂಡ ಆರು ತಿಂಗಳು

ಸಹೋದರಿ, ನಿಮ್ಮ ಪತ್ರವನ್ನು ಓದಿದಾಗ ಕೈ ನಡುಗಿತು. ಹನ್ನೆರಡು ವರ್ಷಗಳ ಹಿಂದೆ ನನ್ನ ಪತಿಯನ್ನೂ ಅವರ ತಮ್ಮ ಹೀಗೆಯೇ ಹೊರಗೆ ನಿಲ್ಲಿಸಿದ್ದರು. ಹಿರಿಯರು ಕೂತು ಮಾತಾಡಿ ಬಗೆಹರಿಸುತ್ತೇವೆ, ಸ್ವಲ್ಪ ತಾಳ್ಮೆಯಿರಲಿ ಎಂದರು. ಯುಗಾದಿಗೆ ಮಾತುಕತೆ ಎಂದರು, ಅದು ಮುಂದಕ್ಕೆ ಹೋಗಿ ಗೌರಿ ಹಬ್ಬಕ್ಕೆ ಬಂತು, ಆಮೇಲೆ ದಸರೆ ಎಂದರು. ಕೊನೆಗೆ ವಕೀಲರ ಬಳಿ ಹೋದಾಗ ಅವರು ಮೊದಲು ಕೇಳಿದ್ದು ತಾರೀಖನ್ನು. ಕಾನೂನಿನ ಕ್ರಮವಿಲ್ಲದೆ ಸ್ವಾಧೀನ ತಪ್ಪಿಸಿದರೆ, ಹಕ್ಕಿನ ಪ್ರಶ್ನೆಗೆ ಹೋಗದೆ ಸ್ವಾಧೀನವನ್ನು ಮರಳಿ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ ಕಲಂ 6ರಲ್ಲಿ ಅವಕಾಶವಿದೆ, ಆದರೆ ದಾವೆಯನ್ನು ಆರು ತಿಂಗಳೊಳಗೆ ಹೂಡಿರಬೇಕು. ನಮಗೆ ಹನ್ನೊಂದು ದಿನ ತಡವಾಗಿತ್ತು. ಆಮೇಲೆ ಉಳಿದದ್ದು ದೀರ್ಘ ದಾವೆಯ ದಾರಿ. ಅದನ್ನು ನಡೆಯುವ ಶಕ್ತಿ ನಮ್ಮಲ್ಲಿರಲಿಲ್ಲ.

ಬೀಗ ಬದಲಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಹಿರಿಯರ ಮಾತುಕತೆ ನಡೆಯುವುದಿದ್ದರೆ ನಡೆಯಲಿ, ಅರ್ಜಿಯೂ ಅದರ ಜೊತೆಗೇ ಸಾಗಲಿ. ಇನ್ನೊಂದು ಮಾತನ್ನು ಅಂತಃಕರಣದಿಂದ ಹೇಳುತ್ತೇನೆ: ಸಿಟ್ಟಿನಲ್ಲಿ ಹೊಸ ಬೀಗವನ್ನು ಒಡೆಯಲು ಹೋಗಬೇಡಿ. ನನ್ನ ಪತಿ ಒಡೆದರು, ಮತ್ತು ಅಂದಿನಿಂದ ಠಾಣೆಯ ಕಡತದಲ್ಲಿ ತಪ್ಪಿತಸ್ಥರ ಸ್ಥಾನದಲ್ಲಿ ಇದ್ದದ್ದು ಅವರ ಹೆಸರು.
— ಗೃಹಿಣಿ, ದಾವಣಗೆರೆ

ಕಾರಿನಲ್ಲಿ ಮೂವರ ಪಾಲಿದೆ

ಪ್ರಾದೇಶಿಕ ಸಾರಿಗೆ ಕಚೇರಿಯ ಕೆಲಸಗಳ ಪರಿಚಯವಿರುವ ನಾನು ಕಾರಿನ ಬಗ್ಗೆ ಮಾತ್ರ ಬರೆಯುತ್ತೇನೆ. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ ಮತ್ತು ನಿಮಗೆ ಹಿಂದೂ ಉತ್ತರಾಧಿಕಾರ ಅಧಿನಿಯಮ ಅನ್ವಯಿಸುವುದಾದರೆ, ಆ ಕಾರಿನಲ್ಲಿ ತಾಯಿಗೆ, ಅಣ್ಣನಿಗೆ ಮತ್ತು ನಿಮಗೆ ಸಮಪಾಲಿದೆ. ಬೇರೆ ಮಕ್ಕಳಾಗಲಿ ತಂದೆಯ ತಾಯಿಯಾಗಲಿ ಇದ್ದರೆ ಅವರಿಗೂ ಇದೆ. ವಾಹನವನ್ನು ವಾರಸುದಾರರೊಬ್ಬರ ಹೆಸರಿಗೆ ಮಾಡಿಸಲು ನಮೂನೆ 31ರ ಜೊತೆ ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ಉಳಿದ ವಾರಸುದಾರರ ಒಪ್ಪಿಗೆಯ ಪ್ರಮಾಣಪತ್ರವನ್ನು ಕೇಳುತ್ತಾರೆ. ನಿಮ್ಮ ಸಹಿಯಿಲ್ಲದೆ ವರ್ಗಾವಣೆ ಆಗದಿರಲೆಂದು, ವಾಹನ ನೋಂದಣಿಯಾಗಿರುವ ಕಚೇರಿಗೆ ಇಂದೇ ಲಿಖಿತ ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ.

ಕಟುವಾದರೂ ಹೇಳಲೇಬೇಕಾದ ಒಂದು ಸಂಗತಿಯಿದೆ. ಮಾಲೀಕರು ತೀರಿಕೊಂಡ 30 ದಿನಗಳೊಳಗೆ ಕಚೇರಿಗೆ ತಿಳಿಸಿದ್ದರೆ ಮಾತ್ರ ವಾಹನವನ್ನು ಮೂರು ತಿಂಗಳವರೆಗೆ ಹಾಗೆಯೇ ಬಳಸಬಹುದೆಂದು ನಿಯಮವಿದೆ. ಒಂದು ವರ್ಷ ತಂದೆಯ ಹೆಸರಿನಲ್ಲೇ ಕಾರು ಓಡಿಸಿದ್ದು ನಿಮ್ಮ ಕಡೆಯ ಲೋಪ. ಅಪಘಾತವೇನಾದರೂ ಆಗಿದ್ದರೆ ವಿಮೆಯ ವಿಷಯದಲ್ಲಿ ಬಹಳ ತೊಂದರೆಯಾಗುತ್ತಿತ್ತು. ಕಾರು ಮರಳಿ ಬಂದ ಮೇಲೆ, ಯಾರ ಹೆಸರಿಗೆ ಎಂಬುದು ತೀರ್ಮಾನವಾಗುವವರೆಗೆ, ಅದನ್ನು ರಸ್ತೆಗಿಳಿಸಬೇಡಿ.
— ಓದುಗರು, ಹಾಸನ

ಅಣ್ಣನ ಸ್ಥಾನದಲ್ಲಿ ನಿಂತವನು

ನನ್ನ ಹೆಸರಿನ ಕರಾರಿನ ಮನೆಯಲ್ಲಿ ನನ್ನ ತಮ್ಮ ನಾಲ್ಕು ವರ್ಷ ಇದ್ದ. ಬಾಡಿಗೆ ತಡವಾದರೆ ಮಾಲೀಕರ ಕರೆ ಬರುತ್ತಿದ್ದದ್ದು ನನಗೆ, ಗೋಡೆ ಹಾಳಾದರೆ ಮುಂಗಡದಲ್ಲಿ ಕಡಿತವಾಗುತ್ತಿದ್ದದ್ದು ನನ್ನ ಲೆಕ್ಕದಲ್ಲಿ. ನಿಮ್ಮ ಅಣ್ಣ ಮಾಡಿದ್ದನ್ನು ನಾನು ಸಮರ್ಥಿಸುವುದಿಲ್ಲ, ಅದು ತಪ್ಪು. ಆದರೆ ಅವರ ಮನಸ್ಸಿನಲ್ಲಿಯೂ ಹೇಳದೆ ಉಳಿದ ಲೆಕ್ಕವೊಂದು ಇರಬಹುದು. ನಮ್ಮ ವ್ಯಾಜ್ಯ ಬೆಂಗಳೂರಿನ ನ್ಯಾಯದೇಗುಲ ಕಟ್ಟಡದ ಮಧ್ಯಸ್ಥಿಕೆ ಕೇಂದ್ರದಲ್ಲಿ ಮೂರು ಬೈಠಕ್‌ಗಳಲ್ಲಿ ಇತ್ಯರ್ಥವಾಯಿತು. ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿಗೂ ಹೋಗಬಹುದು. ಅಲ್ಲಿ ಒಪ್ಪಿ ಬರೆದದ್ದು ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲವುಳ್ಳದ್ದು, ಅದರ ಮೇಲೆ ಮೇಲ್ಮನವಿಯಿಲ್ಲ. ಆದ್ದರಿಂದ ಸಹಿ ಮಾಡುವ ಮುನ್ನ ಪ್ರತಿ ಸಾಲನ್ನೂ ಓದಿ.

ತಾಯಿಯ ಹೆಸರಿನಲ್ಲಿ ಅರ್ಜಿ ಹಾಕಿಸಿ ಎಂದು ಯಾರಾದರೂ ಸಲಹೆ ಕೊಟ್ಟಾರು. 2007ರ ಹಿರಿಯ ನಾಗರಿಕರ ಅಧಿನಿಯಮದಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಲು ಅವರಿಗೆ ಹಕ್ಕಿದೆ, ನಿಜ. ಆದರೆ ಅವರೇ ಬಯಸದಿದ್ದರೆ ಆ ತಾಯಿಯನ್ನು ಇಬ್ಬರು ಮಕ್ಕಳ ನಡುವಿನ ಸಾಕ್ಷಿಯಾಗಿಸಬೇಡಿ. ನನ್ನ ತಾಯಿ ಆ ದಿನಗಳಲ್ಲಿ ಊಟ ಬಿಟ್ಟಿದ್ದರು.
— ಖಾಸಗಿ ಸಂಸ್ಥೆಯ ಉದ್ಯೋಗಿ, ಬೆಂಗಳೂರು

ಟೋಯಿಂಗ್ ವಾಹನ ಓಡಿಸುವವನ ಮಾತು

ಪೊಲೀಸರ ಟೋಯಿಂಗ್ ಬೇರೆ, ನಮ್ಮದು ಬೇರೆ. ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಬಿಟ್ಟುಹೋದ ಅಥವಾ ನಿಷೇಧವಿರುವ ಕಡೆ ನಿಲ್ಲಿಸಿದ ವಾಹನವನ್ನು ಎತ್ತಿಸಲು ಮೋಟಾರು ವಾಹನ ಅಧಿನಿಯಮದ ಕಲಂ 127ರಂತೆ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯ ಅನುಮತಿ ಬೇಕು. ಮನೆಯ ಕಾಂಪೌಂಡಿಗೆ ಆ ಕಲಂ ಬರುವುದಿಲ್ಲ. ನಮ್ಮಂಥವರು ಕರೆದವರ ಮಾತನ್ನು ನಂಬಿ ಹೋಗುತ್ತೇವೆ. ಕೆಟ್ಟು ನಿಂತಿದೆ, ಗ್ಯಾರೇಜಿಗೆ ಬಿಡಿ ಎನ್ನುತ್ತಾರೆ. ನಾನು ನೋಂದಣಿ ಪತ್ರವನ್ನು ನೋಡದೆ ಕೊಂಡಿ ಹಾಕುವುದಿಲ್ಲ, ಆದರೆ ಎಲ್ಲರೂ ಹಾಗೆ ಕೇಳುವುದಿಲ್ಲ ಎಂಬುದು ನಮ್ಮ ವೃತ್ತಿಯ ದೊಡ್ಡ ಕೊರತೆ.

ಎದುರು ಮನೆಯ ಅಥವಾ ಅಂಗಡಿಯ ಸಿಸಿಟಿವಿ ದೃಶ್ಯವನ್ನು ಅದು ಅಳಿಸಿಹೋಗುವ ಮುನ್ನ ಕೇಳಿ ಪಡೆಯಿರಿ. ನಮ್ಮ ವಾಹನದ ಸಂಖ್ಯೆ ಸಿಕ್ಕರೆ ಕಾರು ಎಲ್ಲಿ ಇಳಿಯಿತೆಂದು ಪತ್ತೆ ಹಚ್ಚುವುದು ಕಷ್ಟವಲ್ಲ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಡಿಸಿಪಿ (ಉಪ ಪೊಲೀಸ್ ಆಯುಕ್ತರ) ಕಚೇರಿಗೆ ಅಂಚೆಯಲ್ಲಿ ಕಳುಹಿಸಬಹುದೆಂದು ನನ್ನ ಗ್ರಾಹಕರಾದ ವಕೀಲರೊಬ್ಬರು ಹೇಳಿದ್ದಾರೆ. ಕಾರು ಸಿಕ್ಕಿದಾಗ, ಕೀಲಿ ಪಡೆಯುವ ಮೊದಲು ನಾಲ್ಕೂ ಬದಿಯ, ಚಕ್ರಗಳ, ಮುಂಬದಿಯ ಕೆಳಭಾಗದ ಮತ್ತು ಓಡೋಮೀಟರಿನ ಫೋಟೊ ತೆಗೆಯಿರಿ. ಆಟೊಮ್ಯಾಟಿಕ್ ಗೇರಿನ ಕಾರಾಗಿದ್ದು, ಅದನ್ನು ಸಮತಟ್ಟಾದ ವಾಹನದ ಮೇಲೆ ಏರಿಸದೆ ಮುಂದಿನ ಚಕ್ರಗಳು ನೆಲದಲ್ಲಿ ಉರುಳುವಂತೆ ಎಳೆದೊಯ್ದಿದ್ದರೆ, ಮೆಕ್ಯಾನಿಕ್ ನೋಡಿ ಒಪ್ಪುವವರೆಗೆ ಎಂಜಿನ್ ಚಾಲೂ ಮಾಡಬೇಡಿ.
— ಟೋಯಿಂಗ್ ವಾಹನ ಚಾಲಕ, ತುಮಕೂರು