ಗ್ರಾಮಸಭೆಯಲ್ಲಿ ಕೆರೆಯ ಪರವಾಗಿ ವಾದಿಸಲು ಚಿತ್ರಗಳನ್ನು ಬಳಸುವುದು ಹೇಗೆ?

ಕೆರೆದಂಡೆ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ನಮ್ಮೂರ ಕೆರೆಗೆ ನೀರು ತರುವ ಕಾಲುವೆಯಲ್ಲಿ ಕಟ್ಟಡದ ಮಣ್ಣು, ಪ್ಲಾಸ್ಟಿಕ್ ಸುರಿಯುವುದನ್ನು ನಿಲ್ಲಿಸಬೇಕೆಂದು ಕಳೆದ ಗ್ರಾಮಸಭೆಯಲ್ಲಿ ನಾಲ್ಕು ಪುಟಗಳ ಮನವಿಯನ್ನು ಓದಿದೆವು. ಎರಡನೆಯ ಪುಟ ಮುಗಿಯುವಷ್ಟರಲ್ಲಿ ಅರ್ಧ ಜನ ಎದ್ದು ಹೋಗಿದ್ದರು. ಈ ಸಲ ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ ಒಯ್ಯಬೇಕೆಂದಿದ್ದೇವೆ. ಸತ್ತು ತೇಲುತ್ತಿರುವ ಮೀನುಗಳ ಫೋಟೋ ಒಂದು ನಮ್ಮಲ್ಲಿದೆ. ನೋಡಿದವರ ಕರುಳು ಚುರುಕ್ ಎನ್ನುತ್ತದೆ. ಆದರೆ ಅದನ್ನು ಮುಂದಿಟ್ಟರೆ ಭಾವನೆ ಕೆರಳಿಸಲು ಬಂದಿದ್ದಾರೆಂದು ನಮ್ಮ ಮಾತನ್ನೇ ತಳ್ಳಿಹಾಕಬಹುದೆಂಬ ಅಳುಕೂ ಇದೆ. ಚಿತ್ರವೊಂದು ನಿಜವಾಗಿ ವಾದವಾಗುವುದು ಯಾವಾಗ?

ಅಂಕಿಅಂಶ:
ನಾನು ಸಂಖ್ಯಾಶಾಸ್ತ್ರ ಕಲಿಸುವವನು. ಈ ಪ್ರಶ್ನೆ ಬಂದಾಗಲೆಲ್ಲ ವಿದ್ಯಾರ್ಥಿಗಳಿಗೆ ಲಂಡನ್ನಿನ ಕಾಲರಾ ನಕ್ಷೆಯನ್ನು ತೋರಿಸುತ್ತೇನೆ. 1854ರಲ್ಲಿ ಸೋಹೋ ಪ್ರದೇಶದಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ, ನಕ್ಷೆಯಲ್ಲಿ ಸಾವು ಸಂಭವಿಸಿದ ಮನೆಗಳ ಮುಂದೆ ಒಂದೊಂದು ಸಾವಿಗೆ ಒಂದೊಂದು ಕಪ್ಪು ಗೆರೆ ಎಳೆದರು. ಬ್ರಾಡ್ ಸ್ಟ್ರೀಟ್‌ನ ನೀರಿನ ಪಂಪಿನ ಸುತ್ತ ಆ ಗೆರೆಗಳು ಗುಂಪುಗೂಡಿರುವುದು ನೋಡಿದ ತಕ್ಷಣ ಕಾಣುತ್ತದೆ. ಆದರೆ ಕಾಲರಾ ನೀರಿನಿಂದ ಹಬ್ಬುತ್ತದೆಂಬ ಅವರ ವಾದಕ್ಕೆ ಬಲ ಬಂದದ್ದು ಗೆರೆಗಳಿಲ್ಲದ ಕಡೆಗಳಿಂದಲೂ ಹೌದು. ಪಂಪಿಗೆ ಹತ್ತಿರವೇ ಇದ್ದ ಬಿಯರ್ ತಯಾರಿಕಾ ಘಟಕದ ಕೆಲಸಗಾರರು ಆ ಪಂಪಿನ ನೀರು ಕುಡಿಯುತ್ತಿರಲಿಲ್ಲ, ಅವರಲ್ಲಿ ಯಾರೂ ಕಾಲರಾದಿಂದ ಸಾಯಲೂ ಇಲ್ಲ. ಇನ್ನೊಂದು ಮಾತನ್ನೂ ಹೇಳಲೇಬೇಕು: ಸೆಪ್ಟೆಂಬರ್ 8ರಂದು ಪಂಪಿನ ಹಿಡಿಕೆಯನ್ನು ತೆಗೆಸಿದ್ದು ಸ್ನೋ ಅವರು ಸ್ಥಳೀಯ ಮಂಡಳಿಯ ಮುಂದೆ ಆಡಿದ ಮಾತು, ನಕ್ಷೆ ಅಚ್ಚಾದದ್ದು ಆಮೇಲೆ. ಅಷ್ಟರಲ್ಲಾಗಲೇ ರೋಗ ಇಳಿಮುಖವಾಗಿತ್ತೆಂಬುದನ್ನು ಅವರೇ ಒಪ್ಪಿಕೊಂಡಿದ್ದರು.

ನೀವೂ ಗ್ರಾಮ ನಕ್ಷೆಯ ಪ್ರತಿ ಪಡೆದು ಕಸ ಸುರಿಯುವ ಜಾಗಗಳನ್ನೂ ನೀರು ಕೆಟ್ಟಿರುವ ಬಾವಿಗಳನ್ನೂ ಗುರುತಿಸಿ. ಕೆಡದಿರುವ ಬಾವಿಗಳನ್ನು ಮಾತ್ರ ಬಿಡಬೇಡಿ. ಅವುಗಳನ್ನು ಮರೆಮಾಚಿದಿರೆಂದು ಸಭೆಯಲ್ಲಿ ಒಬ್ಬರು ಎತ್ತಿ ತೋರಿಸಿದರೆ ಉಳಿದ ಗುರುತುಗಳನ್ನೂ ಯಾರೂ ನಂಬುವುದಿಲ್ಲ. ಸ್ತಂಭಚಿತ್ರ (ಬಾರ್ ಚಾರ್ಟ್) ಹಾಕುವುದಾದರೆ ಅಳತೆ ಸೊನ್ನೆಯಿಂದಲೇ ಶುರುವಾಗಲಿ. 92 ಮತ್ತು 100ರ ಸ್ತಂಭಗಳನ್ನು 90ರಿಂದ ಎಳೆದರೆ ಎರಡನೆಯದು ಐದು ಪಟ್ಟು ಎತ್ತರವಾಗಿ ಕಾಣುತ್ತದೆ, ಅದು ಜನರಿಗೆ ಮಾಡುವ ಮೋಸ.

ಬೆಳಕು_ನೆರಳು:
ಮೀನಿನ ಫೋಟೋ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ನಮ್ಮ ದೇಶದಲ್ಲಿ ತಂಬಾಕು ಪೊಟ್ಟಣಗಳ ಮೇಲೆ ಎಚ್ಚರಿಕೆಯ ಚಿತ್ರಗಳು ಬಂದದ್ದು 2009ರಲ್ಲಿ. ಜಗಿಯುವ ತಂಬಾಕಿನ ಮೇಲೆ ಆಗ ಇದ್ದದ್ದು ಚೇಳಿನ ಚಿತ್ರ. ಚೇಳಿಗೂ ಬಾಯಿಯ ಕ್ಯಾನ್ಸರಿಗೂ ಇರುವ ಸಂಬಂಧವನ್ನು ನೋಡುವವರೇ ಊಹಿಸಿಕೊಳ್ಳಬೇಕಿತ್ತು. ಮುಂದೆ ರೋಗಪೀಡಿತ ಬಾಯಿಯ ಚಿತ್ರವೇ ಬಂದಾಗ ಊಹೆಯ ಅಗತ್ಯ ಉಳಿಯಲಿಲ್ಲ. 2016ರಲ್ಲಿ ಎಚ್ಚರಿಕೆಯ ವಿಸ್ತೀರ್ಣ ಪೊಟ್ಟಣದ 85%ಕ್ಕೆ ಏರಿತು. 2017ರಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮವನ್ನು ರದ್ದುಪಡಿಸಿತು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಚಿತ್ರದ ಗಾತ್ರಕ್ಕಾಗಿಯೇ ಸುಪ್ರೀಂ ಕೋರ್ಟಿನವರೆಗೆ ಹೋರಾಟ ನಡೆದಿದೆ ಎಂದರೆ ಅದರ ಶಕ್ತಿ ಎಷ್ಟೆಂದು ಯೋಚಿಸಿ.

ನಿಮ್ಮ ಮೀನುಗಳು ಕೊಳಚೆಯಿಂದ ಸತ್ತವೋ, ಬೇಸಿಗೆಯಲ್ಲಿ ನೀರು ಬತ್ತಿ ಸತ್ತವೋ? ಆ ಫೋಟೋ ಅದನ್ನು ಹೇಳಲಾರದು. ಕಾರಣ ಖಚಿತವಾಗುವವರೆಗೆ ಅದನ್ನು ಬದಿಗಿಡಿ. ಬದಲಿಗೆ ಏರಿಯ ಮೇಲೆ ಒಂದೇ ಜಾಗದಲ್ಲಿ ನಿಂತು, ತೂಬಿನ (ಕೆರೆಯ ನೀರು ಹೊರಬಿಡುವ ಕಂಡಿಯ) ಕಲ್ಲುಕಂಬಗಳು ಕಾಣುವಂತೆ, ಬೇರೆ ಬೇರೆ ವರ್ಷಗಳ ಒಂದೇ ತಿಂಗಳಲ್ಲಿ ತೆಗೆದ ಎರಡು ಫೋಟೋಗಳನ್ನು ಅಕ್ಕಪಕ್ಕ ಇಡಿ. ಹೂಳು ಕಂಬಗಳ ನಡುವಿನ ಎಷ್ಟನೆಯ ಅಡ್ಡಕಲ್ಲಿನವರೆಗೆ ಏರಿದೆ ಎಂದು ಜನರೇ ಎಣಿಸಿಕೊಳ್ಳುತ್ತಾರೆ. ಹಾಗೆ ತಾವೇ ಎಣಿಸಿ ಕಂಡುಕೊಂಡದ್ದನ್ನು ಯಾರೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಮಾಜಿ_ಸದಸ್ಯೆ:
ಐದು ವರ್ಷ ಪಂಚಾಯಿತಿಯಲ್ಲಿದ್ದ ಅನುಭವದಿಂದ ಎರಡು ಮಾತು. ಯಾರದೇ ಮುಖವಾಗಲಿ, ಟ್ರ್ಯಾಕ್ಟರಿನ ನಂಬರ್ ಆಗಲಿ ಫೋಟೋದಲ್ಲಿ ಕಾಣಬಾರದು. ಕಂಡರೆ ಕೆರೆಯ ವಿಷಯ ಅಲ್ಲಿಗೇ ನಿಂತು ಎರಡು ಮನೆಗಳ ಜಗಳ ಶುರುವಾಗುತ್ತದೆ. ಎರಡನೆಯದಾಗಿ, ಗೋಡೆಗೆ ತೂಗುಹಾಕಿದ ಫ್ಲೆಕ್ಸ್ ಸಭೆ ಮುಗಿದ ಮೇಲೆ ಯಾರದೋ ಹುಲ್ಲಿನ ಬಣವೆಗೆ ಹೊದಿಕೆಯಾಗುತ್ತದೆ. ಆದ್ದರಿಂದ ಅದೇ ಚಿತ್ರಗಳನ್ನು ಚಿಕ್ಕದಾಗಿ ಮುದ್ರಿಸಿ, ಪ್ರತಿಯೊಂದರ ಕೆಳಗೆ ದಿನಾಂಕ, ಸ್ಥಳ, ಸರ್ವೆ ನಂಬರ್ ಬರೆದು ಮನವಿಗೆ ಲಗತ್ತಿಸಿ, ಸಭೆಯ ನಡಾವಳಿಯಲ್ಲಿ ಅದು ದಾಖಲಾಗುವಂತೆ ನೋಡಿಕೊಳ್ಳಿ.

ಕೆರೆದಂಡೆ:
ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಮೀನಿನ ಫೋಟೋವನ್ನು ಸದ್ಯಕ್ಕೆ ತೆಗೆದಿಟ್ಟಿದ್ದೇವೆ. ಮೇಡಂ, ನಮ್ಮ ಬಳಿಯಿದ್ದ ಇನ್ನೊಂದು ಫೋಟೋದಲ್ಲಿ ನಂಬರ್ ಪ್ಲೇಟ್ ಸ್ಪಷ್ಟವಾಗಿಯೇ ಇತ್ತು, ಅದನ್ನೂ ಕೈಬಿಟ್ಟೆವು. ಊರಿನ ಹಿರಿಯರೊಬ್ಬರ ಮನೆಯ ಗೋಡೆಯಲ್ಲಿ ತೆಪ್ಪೋತ್ಸವದ ಹಳೆಯ ಕಪ್ಪು-ಬಿಳುಪು ಫೋಟೋ ಸಿಕ್ಕಿದೆ. ತೆಪ್ಪದ ಹಿಂದೆ ತೂಬಿನ ಕಂಬಗಳ ತಲೆ ಮಾತ್ರ ನೀರಿನ ಮೇಲಿದೆ. ಈ ವರ್ಷ ತೆಪ್ಪೋತ್ಸವದ ದಿನವೇ, ಅದೇ ಜಾಗದಿಂದ ಇನ್ನೊಂದು ಫೋಟೋ ತೆಗೆಯುತ್ತೇವೆ. ಹಳೆಯದು ಯಾವ ವರ್ಷದ್ದೆಂದು ದೇವಸ್ಥಾನದ ಲೆಕ್ಕದ ಪುಸ್ತಕ ನೋಡಿ ಖಚಿತಪಡಿಸಿಕೊಂಡ ಮೇಲಷ್ಟೇ ಎರಡನ್ನೂ ಮುದ್ರಣಕ್ಕೆ ಕೊಡುತ್ತೇವೆ.