ಅಜ್ಜಿ ಪೆಟ್ಟಿಗೇಲಿ 1780ರ ಬೆಳ್ಳಿ ನಾಣ್ಯ, ಗಂಡಭೇರುಂಡ ಇದೆ ಅಂತಿದಾರೆ, ಯಾವ ಕಾಲದ್ದು?

ಮೂಡಿಗೆರೆ_ತೋಟ
ಎಲ್ರಿಗೂ ನಮಸ್ಕಾರ. ಹಳೇ ಮನೆ ಹೆಂಚು ಇಳಿಸ್ತಿದ್ವಿ, ಅಟ್ಟದ ಮೇಲಿದ್ದ ಅಜ್ಜಿ ಪೆಟ್ಟಿಗೆ ಕೆಳಗೆ ತಂದಾಗ ಬಟ್ಟೆ ಗಂಟಲ್ಲಿ ಒಂದಷ್ಟು ನಾಣ್ಯ ಸಿಕ್ವು. ತೂತಿನ ಕಾಸು, ಜಾರ್ಜ್ ದೊರೆ ಕಾಲಾಣೆ ಇವೆಲ್ಲ ಗೊತ್ತಾಯ್ತು, ಎರಡು ಮಾತ್ರ ಗೊತ್ತಾಗ್ತಿಲ್ಲ.

ಒಂದು ಬೆಳ್ಳಿದು, ಹಳೇ ರೂಪಾಯಿಗಿಂತ ತುಂಬ ದೊಡ್ದು. ಒಂದು ಕಡೆ ತಲೆ ಮೇಲೆ ಬಟ್ಟೆ ಹೊದ್ದಿರೋ ದಪ್ಪ ಹೆಂಗಸು, ವಿಕ್ಟೋರಿಯಾ ಅಂದ್ಕೊಂಡ್ವಿ ಆದ್ರೆ ಹೆಸರು ಥೆರೆಸಿಯಾ ಅಂತೇನೋ ಇದೆ. ಇನ್ನೊಂದು ಕಡೆ ಎರಡು ತಲೆ ಹಕ್ಕಿ, 1780 ಅಂತ ಸ್ಪಷ್ಟವಾಗಿದೆ. ಚಿಕ್ಕಪ್ಪ ಇದು ಗಂಡಭೇರುಂಡ, ಮೈಸೂರು ಅರಸರದ್ದೇ ಅಂತ ಪಟ್ಟು ಹಿಡಿದಿದಾರೆ. ಮೇಲ್ಗಡೆ ಸರಕ್ಕೆ ಹಾಕೋಕೆ ಕೊಂಡಿ ಬೆಸೆದಿದಾರೆ. ಇನ್ನೊಂದು ತಾಮ್ರದ್ದು, ಆನೆ ಇದೆ, ಅದು ಟಿಪ್ಪುದು ಅಂತಾರೆ.

ಫೋಟೋ ಒಂದು ಗ್ರೂಪಲ್ಲಿ ಹಾಕಿದ್ದಕ್ಕೆ ಯಾರೋ ಫೋನ್ ಮಾಡಿ ಎಂಟು ಲಕ್ಷ ಕೊಡ್ತೀವಿ, ಮೊದ್ಲು ರಿಜಿಸ್ಟ್ರೇಷನ್‌ಗೆ 2,500 ಹಾಕಿ ಅಂದ. ಅಮ್ಮ ಹುಣಸೆಹಣ್ಣು ಹಾಕಿ ತಿಕ್ತೀನಿ ಅಂತಿದಾರೆ, ಸದ್ಯಕ್ಕೆ ತಡೆದಿದೀನಿ.

ಹಳೇಕಾಸು_ಹಾಸನ
ದುಡ್ಡು ಹಾಕ್ಬೇಡಿ, ಆ ನಂಬರ್ ಬ್ಲಾಕ್ ಮಾಡಿ. ಹಳೇ ನಾಣ್ಯ ಮಾರಿಸ್ಕೊಡ್ತೀವಿ ಅಂತ ತನ್ನ ಹೆಸರಲ್ಲೇ ಫೀಸು ಕೇಳ್ತಿದಾರೆ, ನಂಬ್ಬೇಡಿ ಅಂತ ಆರ್‌ಬಿಐ 2021ರಲ್ಲೇ ಪ್ರಕಟಣೆ ಕೊಟ್ಟಿತ್ತು. ನಮ್ಮಪ್ಪಂಗೆ ಹಿಂಗೇ ಆಗಿ ಹೋದ ದುಡ್ಡು ವಾಪಸ್ ಬರ್ಲೇ ಇಲ್ಲ. ಅದಕ್ಕಿಂತ ಮುಂಚೆ ಜಾತ್ರೇಲಿ 1818 ಅಂತ ಇಸವಿ ಹಾಕಿರೋ ರಾಮ ಪಟ್ಟಾಭಿಷೇಕದ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಅಂತ ಕೊಂಡಿದ್ರು. ಕಂಪನಿ ಅಂಥ ಆಣೆ ನಾಣ್ಯ ಟಂಕಿಸೇ ಇಲ್ಲ, ಅದು ಆಮೇಲೆ ಯಾರೋ ಮಾಡಿ ಮಾರಿದ ಬಿಲ್ಲೆ. ಪಾಪ ಅವರು ದೇವರ ಮನೇಲಿ ಇಟ್ಟು ಪೂಜೆ ಮಾಡ್ತಿದ್ರು, ನಾನು ಹೇಳ್ಬೇಕಾದ್ರೆ ಬಹಳ ಕಷ್ಟ ಆಯ್ತು.

ಹುಣಸೆಹಣ್ಣು ಅಂತೂ ಬೇಡ್ವೇ ಬೇಡ, ಅಮ್ಮನಿಗೆ ಕೈ ಮುಗಿದು ಹೇಳಿ. ಆ ಕಪ್ಪು ಪದರ ಎಷ್ಟೋ ವರ್ಷದಿಂದ ಕೂತಿರೋದು, ಹುಳಿ ತಾಗಿದ್ರೆ ಅದು ಹೋಗಿ ನಾಣ್ಯ ಬೋಳು ಬೋಳಾಗಿ ಹೊಳೆಯುತ್ತೆ, ಸಂಗ್ರಹ ಮಾಡೋರು ಮುಟ್ಟಲ್ಲ.

ಈಗ ನಾಣ್ಯಕ್ಕೆ ಬರ್ತೀನಿ. ಅದು ಆಸ್ಟ್ರಿಯಾದ ಮರಿಯಾ ಥೆರೆಸಾ ರಾಣಿಯ ಥಾಲರ್, ಅಂದ್ರೆ ಅಲ್ಲಿನ ದೊಡ್ಡ ಬೆಳ್ಳಿ ನಾಣ್ಯ. ಹಕ್ಕಿ ಗಂಡಭೇರುಂಡ ಅಲ್ಲ, ಅವರ ರಾಜಮನೆತನದ ಎರಡು ತಲೆ ಹದ್ದು, ಎದೆ ಮೇಲೆ ಗುರಾಣಿ ಥರ ಲಾಂಛನ ಇರುತ್ತೆ ನೋಡಿ. ನಮ್ಮ ಗಂಡಭೇರುಂಡ ಬೇಕಂದ್ರೆ ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯದಲ್ಲಿ ಇದೆ, ಅಲ್ಲಿ ಅದು ಆನೆಗಳನ್ನ ಹಿಡ್ಕೊಂಡಿರುತ್ತೆ, ನಾಣ್ಯನೂ ಬೆರಳ ತುದಿಯಷ್ಟೇ.

ಆದ್ರೆ 1780 ಅನ್ನೋದನ್ನ ನಂಬ್ಬೇಡಿ. ರಾಣಿ ತೀರಿಕೊಂಡ ವರ್ಷ ಅದು, ಆಮೇಲೆ ಎಷ್ಟೇ ಸಲ ಟಂಕಿಸಿದ್ರೂ ಅದೇ ಇಸವಿ ಉಳಿಸ್ಕೊಂಡ್ರು, ಯಾಕಂದ್ರೆ ಕೆಂಪು ಸಮುದ್ರದ ಕಡೆ ವ್ಯಾಪಾರಿಗಳು ಆ ಮುಖ ಆ ಇಸವಿ ಇದ್ರೇ ತಗೋತಿದ್ರು. 1935ರಲ್ಲಿ ಇಟಲಿಯವರು ಇಥಿಯೋಪಿಯಾ ಯುದ್ಧಕ್ಕೆ ಅಂತ ಅಚ್ಚು ತಗೊಂಡು ಹೊಡೆದ್ರು, ಆಮೇಲೆ ಲಂಡನ್, ಪ್ಯಾರಿಸ್, ಎರಡನೇ ಮಹಾಯುದ್ಧದಲ್ಲಿ ನಮ್ಮ ಬಾಂಬೆ ಟಂಕಸಾಲೇಲೂ ಹೊಡೆದಿದಾರೆ. ಹಾಗಾಗಿ ನಿಮ್ಮದು ಅಜ್ಜಿ ಮದುವೆ ಕಾಲದ್ದೂ ಆಗಿರಬಹುದು.

ಅಕ್ಕಸಾಲಿ ಹತ್ರ ತೂಗ್ಸಿ, 28 ಗ್ರಾಂ ಸುಮಾರಿಗೆ ಇರ್ಬೇಕು (28.07 ಸರಿಯಾದ ತೂಕ, ಬೆಳ್ಳಿ 83.3 ಪರ್ಸೆಂಟ್), ಕೊಂಡಿ ತೂಕ ಮೇಲೆ ಸೇರುತ್ತೆ. ಅಡ್ಡಳತೆ 4 ಸೆಂಟಿಮೀಟರ್ ಹತ್ರ. ಅಂಚಲ್ಲಿ ಲ್ಯಾಟಿನ್ ಅಕ್ಷರ ಓಡಿರ್ಬೇಕು, ನ್ಯಾಯ ಮತ್ತು ದಯೆ ಅನ್ನೋ ಅರ್ಥದ್ದು. ಎರಕ ಹೊಯ್ದ ನಕಲಿಗಳು ಹೆಚ್ಚಾಗಿ ಅಲ್ಲೇ ಸಿಕ್ಕಿ ಬೀಳೋದು.

ಬೇಲೂರು_ಮೇಷ್ಟ್ರು
ಆನೆ ಕಾಸಿನ ಬಗ್ಗೆ ನಾನು ಹೇಳ್ತೀನಿ. ಆನೆ ಇದ್ದ ತಕ್ಷಣ ಟಿಪ್ಪು ಅಂತ ಎಲ್ರೂ ಹೇಳೋದು, ಅರ್ಧ ಸಲ ತಪ್ಪಾಗಿರುತ್ತೆ. ಆನೆ ಮೇಲೆ ಸೂರ್ಯ ಚಂದ್ರ, ಶ್ರೀ ಅನ್ನೋ ಅಕ್ಷರ ಇದ್ಯಾ ನೋಡಿ, ಇದ್ರೆ ಅದು ಮುಮ್ಮಡಿ ಕೃಷ್ಣರಾಜ ಒಡೆಯರದ್ದು. ಹಿಂದೆ ಕನ್ನಡದಲ್ಲಿ ಮಯಿಲಿ ಕಾಸು ಅಂತಲೂ, ಇಂಗ್ಲಿಷಲ್ಲಿ ಎಕ್ಸ್ ಎಕ್ಸ್ ಕ್ಯಾಶ್ ಅಂದ್ರೆ ಇಪ್ಪತ್ತು ಕಾಸು ಅಂತಲೂ ಬರೆದಿರ್ಬಹುದು. ಟಿಪ್ಪು ಪೈಸೆ ಆದ್ರೆ ಕನ್ನಡ ಇರಲ್ಲ, ಆನೆ ಹಿಂದ್ಗಡೆ ಪರ್ಶಿಯನ್‌ನಲ್ಲಿ ಟಂಕಸಾಲೆ ಹೆಸರು ಇರುತ್ತೆ, ಶ್ರೀರಂಗಪಟ್ಟಣದ್ದಾದ್ರೆ ಪಟನ್, ಚಿತ್ರದುರ್ಗದ್ದಾದ್ರೆ ಫರ್ರುಖ್‌ಯಾಬ್ ಹಿಸಾರ್ ಅಂತ. ಆಮೇಲಾಮೇಲಿನ ನಾಣ್ಯದಲ್ಲಿ ಇಸವಿ ಅಂಕಿ ಬಲದಿಂದ ಎಡಕ್ಕೆ ಓದ್ಬೇಕು, ಎಷ್ಟೋ ಜನ ಅಲ್ಲೇ ಎಡವೋದು.

ಓರೆಯಾಗಿ ಬೆಳಕು ಬಿಟ್ಟು ಫೋಟೋ ತೆಗೀರಿ, ಸವೆದ ಅಕ್ಷರನೂ ನೆರಳಲ್ಲಿ ಎದ್ದು ಕಾಣುತ್ತೆ. ನಾವು ಹಳೇ ಶಾಸನ ಓದೋವಾಗ್ಲೂ ಹಂಗೇ ಮಾಡೋದು.

ಮೂಡಿಗೆರೆ_ತೋಟ
ಮೇಷ್ಟ್ರೇ ಟಾರ್ಚ್ ಓರೆ ಹಿಡಿದ್ರೆ ಶ್ರೀ ಬಂತು!! ಹಿಂದೆ "ಮಯಿಲಿ" ವರೆಗೂ ಓದೋಕಾಯ್ತು, ಮುಂದಿನದು ಸವೆದಿದೆ. ಚಿಕ್ಕಪ್ಪನಿಗೆ ಸ್ವಲ್ಪ ಬೇಜಾರಾಯ್ತು, ಆದ್ರೆ ಕನ್ನಡ ಅಕ್ಷರ ನೋಡಿ ಅವರೇ ಆಮೇಲೆ ಮನೆಯವರಿಗೆಲ್ಲ ತೋರಿಸ್ಕೊಂಡು ಓಡಾಡ್ತಿದಾರೆ.

ಥಾಲರ್ ಕೊಂಡಿ ಸೇರಿ 29.4 ಗ್ರಾಂ ಬಂತು. ಅಂಚಲ್ಲಿ ಅಕ್ಷರ ಇದೆ, ಕೊಂಡಿ ಹತ್ರ ಬೆಸುಗೆಯಲ್ಲಿ ಮುಚ್ಚಿದೆ. ಕೊಂಡಿ ತೆಗೆಸ್ಲಾ?

ಆಲ್ದೂರು_ರೇಖಾ
ಕೊಂಡಿ ತೆಗೆಸ್ಬೇಡಿ ಪ್ಲೀಸ್. ಬೆಸುಗೆ ಕಿತ್ರೆ ಗಾಯ ಉಳಿಯುತ್ತೆ, ಸಂಗ್ರಾಹಕರ ಬೆಲೆ ಏನೂ ವಾಪಸ್ ಬರಲ್ಲ. ಇಥಿಯೋಪಿಯಾ, ಯೆಮೆನ್ ಕಡೆನೂ ಈ ಥಾಲರನ್ನ ಹೆಂಗಸರು ಹಿಂಗೇ ಕೊಂಡಿ ಹಾಕಿ ಕೊರಳಿಗೆ ಹಾಕೋತಿದ್ರು, ಅದೂ ಆ ನಾಣ್ಯದ ಚರಿತ್ರೆನೇ.

ಇನ್ನೊಂದು ಹೇಳ್ಬೇಕು ಅನ್ನಿಸ್ತು. ಯೆಮೆನ್‌ನ ಮೋಖಾ ಬಂದರಲ್ಲಿ ಯೂರೋಪಿನವರು ಕಾಫಿ ಕೊಳ್ತಿದ್ದಿದ್ದು ಇಂಥ ಬೆಳ್ಳಿ ಕೊಟ್ಟೇ. ಬಾಬಾ ಬುಡನ್ ಏಳು ಬೀಜ ತಂದ್ರು ಅಂತ ನಾವೆಲ್ಲ ಕೇಳ್ಕೊಂಡು ಬೆಳೆದಿರೋದೂ ಅದೇ ಮೋಖಾದಿಂದ. ನಿಮ್ಮ ನಾಣ್ಯ ಕಾಫಿ ಜೊತೆ ಬಂತು ಅಂತ ನಾನು ಹೇಳ್ತಿಲ್ಲ, ಆದ್ರೆ ಕಾಫಿ ತೋಟದ ಮನೇಲಿ ಅದು ಸಿಕ್ಕಿದ್ದು ಓದಿ ಮೈ ಜುಮ್ ಅಂತು. ಅಜ್ಜಿ ಇದ್ರೆ ಈಗ್ಲೇ ಕೇಳಿ, ಯಾರು ಹಾಕೋತಿದ್ರು, ಯಾವ ಊರಿಂದ ಬಂತು ಅಂತ, ಬರೆದಿಟ್ಕೊಳ್ಳಿ.

ಮೂಡಿಗೆರೆ_ತೋಟ
ಕೇಳ್ದೆ ಅಕ್ಕ. ಅಜ್ಜಿಗೆ 88, ಕೈಗೆ ಕೊಟ್ಟ ತಕ್ಷಣ ಗುರುತು ಹಿಡಿದ್ರು. ಅವರಮ್ಮನದಂತೆ, ತವರು ಮಂಗಳೂರು ಕಡೆ, ಕರಿಮಣಿ ಜೊತೆ ಪೋಣಿಸಿದ್ರಂತೆ. ಅದಕ್ಕಿಂತ ಹಿಂದಿಂದು ನೆನಪಿಲ್ಲ ಅಂದ್ರು. ಮಾರೋ ಮಾತು ಬಿಟ್ವಿ. ಪ್ಲಾಸ್ಟಿಕ್ ಕವರಲ್ಲಿ ಇಡಬಹುದಾ?

ಹಳೇಕಾಸು_ಹಾಸನ
ಮೆತ್ತಗಿರೋ ಪಿವಿಸಿ ಕವರ್ ಬೇಡ, ವರ್ಷ ಕಳೆದಂಗೆ ಅಂಟಂಟಾಗಿ ತಾಮ್ರಕ್ಕೆ ಹಸಿರು ಹಿಡಿಸುತ್ತೆ, ನಿಮ್ಮ ಕಡೆ ಮಳೆಗಾಲದಲ್ಲಂತೂ ಇನ್ನೂ ಬೇಗ. ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೇಲಿ ಹಾಕಿ, ಡಬ್ಬೀಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮುಚ್ಚಿಡಿ. ಅಜ್ಜಿ ಹೇಳಿದ್ದನ್ನ ಲಕೋಟೆ ಮೇಲೇ ಬರೀರಿ, ನಾಣ್ಯ ಒಳಗೆ ಹಾಕೋಕೆ ಮುಂಚೆನೇ ಬರೀರಿ, ಆಮೇಲೆ ಬರೆದ್ರೆ ಪೆನ್ನು ಒತ್ತಿ ಗೀರು ಬೀಳುತ್ತೆ.