ಫೀಲ್ಡಿಂಗನ ‘ಗ್ರೇಟ್ ಮ್ಯಾನ್’: ಕನ್ನಡದಲ್ಲಿ ‘ದೊಡ್ಡ ಮನುಷ್ಯ’ನೋ ‘ಮಹಾಪುರುಷ’ನೋ?

ಮಾನ್ಯರೇ, ನಮಸ್ಕಾರ.

ಹೆನ್ರಿ ಫೀಲ್ಡಿಂಗ್ 1743ರಲ್ಲಿ ಪ್ರಕಟಿಸಿದ ‘ಜೊನಾಥನ್ ವೈಲ್ಡ್’ ಕಾದಂಬರಿಯನ್ನು ಕನ್ನಡಕ್ಕೆ ತರುವ ಕೆಲಸದಲ್ಲಿದ್ದೇನೆ. ಅದರಲ್ಲಿ ಮೊದಲ ಅಧ್ಯಾಯದಿಂದ ಕೊನೆಯ ಅಧ್ಯಾಯದವರೆಗೂ ಬೆನ್ನು ಬಿಡದೆ ಬರುವ ‘ಗ್ರೇಟ್’ ಎಂಬ ಒಂದು ಪದದ ಬಗ್ಗೆ ತಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ. ನಿಘಂಟು ತೆರೆದರೆ ಮಹಾ, ಹಿರಿಯ, ದೊಡ್ಡ, ಶ್ರೇಷ್ಠ, ಘನ, ಉನ್ನತ ಎಂದು ಅರ್ಥಗಳು ಸಾಲಾಗಿ ಸಿಗುತ್ತವೆ, ಮತ್ತು ಬೇರೆ ಕೃತಿಯಾಗಿದ್ದರೆ ಸಂದರ್ಭ ನೋಡಿಕೊಂಡು ಅವುಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದಿತ್ತು. ಈ ಕೃತಿಯಲ್ಲಿ ಆ ಸ್ವಾತಂತ್ರ್ಯವಿಲ್ಲ. ಅರಮನೆಯಲ್ಲಿ ಕುಳಿತವನಿಗೂ ಗಲ್ಲಿನ ಕೆಳಗೆ ನಿಂತವನಿಗೂ ಒಂದೇ ಪದ ಅನ್ವಯಿಸುತ್ತದೆ ಎಂದು ತೋರಿಸುವುದೇ ಇದರ ಉದ್ದೇಶವಾದ್ದರಿಂದ, ಪದವನ್ನು ಅಲ್ಲಲ್ಲಿ ಬದಲಾಯಿಸಿದರೆ ವಿಡಂಬನೆಯ ಬೆನ್ನೆಲುಬೇ ಮುರಿಯುತ್ತದೆ.

ಈ ಕೃತಿಯ ಪರಿಚಯವಿಲ್ಲದವರಿಗಾಗಿ ಹಿನ್ನೆಲೆಯನ್ನು ಸ್ವಲ್ಪ ವಿವರಿಸುತ್ತೇನೆ. ಫೀಲ್ಡಿಂಗ್ 1707ರಲ್ಲಿ ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತ್ಯದ ಗ್ಲಾಸ್ಟನ್‌ಬರಿಯ ಸಮೀಪ ಹುಟ್ಟಿದವನು; ಈಟನ್ ಶಾಲೆಯಲ್ಲಿ ಓದಿ, ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದಲ್ಲಿ ಕೆಲವು ಕಾಲವಿದ್ದು, ಲಂಡನ್ನಿನ ರಂಗಭೂಮಿಗೆ ಪ್ರಹಸನಗಳನ್ನು ಬರೆದು ಜೀವನ ಸಾಗಿಸಿದವನು. ಆಗ ಆಡಳಿತದ ಚುಕ್ಕಾಣಿ 1721ರಿಂದ 1742ರವರೆಗೆ ಪ್ರಧಾನಮಂತ್ರಿ ರಾಬರ್ಟ್ ವಾಲ್ಪೋಲನ ಕೈಯಲ್ಲಿತ್ತು. ರಾಜದ್ರೋಹದ ಬರವಣಿಗೆಯೆಂದು ಮೊಕದ್ದಮೆ ಹೂಡುವ ಕಾಲವದು. ಹಾಗಾಗಿ ವಿರೋಧಿ ಪತ್ರಿಕೆಗಳು ಅವನನ್ನು ಹೆಸರು ಹಿಡಿದು ಕರೆಯುವ ಬದಲು ‘ಗ್ರೇಟ್ ಮ್ಯಾನ್’ ಎಂದು ಕರೆಯುತ್ತಿದ್ದವು, ಮತ್ತು ಯಾರನ್ನು ಕುರಿತ ಮಾತೆಂಬುದು ಓದುವವರಿಗೆಲ್ಲ ತಿಳಿಯುತ್ತಿತ್ತು. ಫೀಲ್ಡಿಂಗನ ನಾಟಕಗಳೂ ವಾಲ್ಪೋಲನನ್ನು ಬಿಡಲಿಲ್ಲ. 1737ರಲ್ಲಿ ನಾಟಕಗಳಿಗೆ ಮುಂಗಡ ಪರವಾನಗಿಯನ್ನು ಕಡ್ಡಾಯ ಮಾಡುವ ಕಾಯಿದೆ ಬಂದು ರಂಗಭೂಮಿಯ ಬಾಗಿಲು ಫೀಲ್ಡಿಂಗನ ಪಾಲಿಗೆ ಮುಚ್ಚಿದಾಗ, ಅವನು ಕಾನೂನು ಓದಿ 1740ರಲ್ಲಿ ವಕೀಲನಾದನು. ಕಾದಂಬರಿಗೆ ಬಂದದ್ದು ಅದಾದ ಮೇಲೆ.

ಜೊನಾಥನ್ ವೈಲ್ಡ್ ಕಲ್ಪನೆಯ ಪಾತ್ರವಲ್ಲ. ಲಂಡನ್ನಿನಲ್ಲಿ ಕಳ್ಳರ ದೊಡ್ಡ ತಂಡವೊಂದನ್ನು ತೆರೆಮರೆಯಲ್ಲಿ ನಡೆಸುತ್ತ, ಕಳವಾದ ಮಾಲನ್ನು ಅದರ ಒಡೆಯರಿಗೇ ಹಣ ಪಡೆದು ಹಿಂದಿರುಗಿಸುತ್ತ, ತನ್ನ ಮಾತು ಮೀರಿದ ಕಳ್ಳರನ್ನು ತಾನೇ ಹಿಡಿದುಕೊಟ್ಟು ಗಲ್ಲಿಗೇರಿಸಿ ಅದಕ್ಕೂ ಬಹುಮಾನ ಗಿಟ್ಟಿಸುತ್ತಿದ್ದವನು ಅವನು. ಊರಿನವರು ಅವನನ್ನು ಬಹಳ ಕಾಲ ಉಪಕಾರಿಯೆಂದೇ ನಂಬಿದ್ದರು. 1725ರ ಮೇ ತಿಂಗಳಲ್ಲಿ ಲಂಡನ್ನಿನ ಗಲ್ಲಿನ ಜಾಗವಾದ ಟೈಬರ್ನಿನಲ್ಲಿ ಅವನಿಗೆ ಗಲ್ಲಾಯಿತು. ತಾನು ದುಡಿಯದೆ, ಇತರರಿಂದ ಕದಿಯಿಸಿ, ಹಂಚಿಕೆಯಲ್ಲಿ ಸಿಂಹಪಾಲು ಇಟ್ಟುಕೊಂಡು, ಕೆಲಸ ಮುಗಿದ ಮೇಲೆ ಸಹಾಯಕರನ್ನು ಬಲಿಕೊಡುವ ಈ ಕ್ರಮಕ್ಕೂ ಒಬ್ಬ ಮಂತ್ರಿಯ ರಾಜಕಾರಣಕ್ಕೂ ಇರುವ ಹೋಲಿಕೆಯನ್ನು ಫೀಲ್ಡಿಂಗ್ ತಣ್ಣಗೆ, ಮುಖದ ಗೆರೆ ಅಲುಗಿಸದೆ ಹೇಳುತ್ತಾನೆ. ವೈಲ್ಡನ ತಂಡದವರು ಟೋಪಿಯ ಅಂಚನ್ನು ಮೇಲಕ್ಕೆ ಮಡಿಸಬೇಕೋ ಕೆಳಕ್ಕೆ ಇಳಿಬಿಡಬೇಕೋ ಎಂದು ಎರಡು ಪಕ್ಷಗಳಾಗಿ ಜಗಳವಾಡುವ ಅಧ್ಯಾಯವನ್ನು ಓದಿದವರಿಗೆ ಆಗಿನ ಇಂಗ್ಲೆಂಡಿನ ಎದುರಾಳಿ ರಾಜಕೀಯ ಪಕ್ಷಗಳಾದ ವಿಗ್ ಮತ್ತು ಟೋರಿಗಳ ನೆನಪಾಗದೆ ಇರದು.

ಈಗ ಪದಕ್ಕೆ ಬರುತ್ತೇನೆ. ಮೊದಲ ಅಧ್ಯಾಯದಲ್ಲಿಯೇ ಫೀಲ್ಡಿಂಗ್ ತನ್ನ ಸೂತ್ರವನ್ನು ಮುಂದಿಡುತ್ತಾನೆ: ‘ಗ್ರೇಟ್‌ನೆಸ್’ ಎಂದರೆ ಮನುಕುಲದ ಮೇಲೆ ಎಲ್ಲ ಬಗೆಯ ಕೇಡನ್ನೂ ತರುವುದು, ‘ಗುಡ್‌ನೆಸ್’ ಎಂದರೆ ಆ ಕೇಡನ್ನು ನೀಗಿಸುವುದು, ಇವೆರಡಕ್ಕಿಂತ ಪರಸ್ಪರ ದೂರವಾದ ವಸ್ತುಗಳು ಬೇರೆ ಇಲ್ಲ. ಅಲೆಕ್ಸಾಂಡರ್, ಸೀಸರ್ ಮುಂತಾದವರ ಚರಿತ್ರೆ ಬರೆದವರು ಇವೆರಡನ್ನೂ ಕಲಸಿಬಿಟ್ಟಿದ್ದಾರೆ, ದೇಶಗಳನ್ನು ಸುಟ್ಟವರ ಕರುಣೆಯನ್ನೂ ಔದಾರ್ಯವನ್ನೂ ಹೊಗಳುತ್ತ ಕುಳಿತಿದ್ದಾರೆ ಎಂಬುದು ಅವನ ತಕರಾರು. ಅವನ ಮಟ್ಟಿಗೆ ಇದು ಬರಿಯ ತಮಾಷೆಯಾಗಿರಲಿಲ್ಲ. ಈ ಕಾದಂಬರಿಯನ್ನೊಳಗೊಂಡ ಸಂಕಲನದ ಮುನ್ನುಡಿಯಲ್ಲಿ ಅವನು ಬರಿಯ ‘ಗ್ರೇಟ್’ ಜನ, ಬರಿಯ ‘ಗುಡ್’ ಜನ, ಎರಡೂ ಒಟ್ಟಿಗೆ ಕೂಡಿದ ಅಪರೂಪದ ಜನ ಎಂದು ಮೂರು ವರ್ಗಗಳನ್ನು ಗಂಭೀರವಾಗಿಯೇ ಬೇರ್ಪಡಿಸಿದ್ದಾನೆ. ಆದ್ದರಿಂದ ನಮಗೆ ಬೇಕಾದ ಕನ್ನಡ ಪದದಲ್ಲಿ ಬಲ, ಅಧಿಕಾರ, ಗಾತ್ರ, ಕೀರ್ತಿ ಇವೆಲ್ಲ ಇರಬೇಕು. ಒಳ್ಳೆಯತನ ಮಾತ್ರ ಕಡ್ಡಾಯವಾಗಿ ಇರಬಾರದು.

ಈ ಒರೆಗಲ್ಲಿಗೆ ಹಚ್ಚಿದರೆ ‘ಮಹಾಪುರುಷ’ ನಿಲ್ಲುವುದಿಲ್ಲವೆಂದು ನನ್ನ ಎಣಿಕೆ. ಕನ್ನಡದಲ್ಲಿ ಮಹಾಪುರುಷ ಎಂದೊಡನೆ ಸಂತರು, ಸಮಾಜ ಸುಧಾರಕರು, ಲೋಕೋಪಕಾರಿಗಳು ಕಣ್ಣ ಮುಂದೆ ಬರುತ್ತಾರೆ. ಒಳಿತು ಆ ಪದದ ಒಳಗೇ ಸೇರಿಹೋಗಿದೆ. ಕಳ್ಳನೊಬ್ಬನನ್ನು ಮಹಾಪುರುಷನೆಂದರೆ ಅದು ನೇರ ಅಪಹಾಸ್ಯವಾಗುತ್ತದೆ, ಮತ್ತು ಓದುಗನು ಮೊದಲ ವಾಕ್ಯದಲ್ಲಿಯೇ ನಕ್ಕು ಮುಂದೆ ಹೋಗುತ್ತಾನೆ. ಫೀಲ್ಡಿಂಗ್ ಹೇಳುವುದು ಅದಕ್ಕಿಂತ ಕಹಿಯಾದ ಮಾತು: ಲೋಕವು ಇಂಥವರನ್ನು ನಿಜವಾಗಿಯೂ, ನಿತ್ಯದ ಮಾತಿನಲ್ಲಿಯೇ, ‘ಗ್ರೇಟ್’ ಎನ್ನುತ್ತದೆ. ‘ಮಹಾನುಭಾವ’ ಎಂಬ ಪದದ ಕಷ್ಟ ಇದಕ್ಕೆ ವಿರುದ್ಧವಾದುದು. ‘ಆ ಮಹಾನುಭಾವ ಎಲ್ಲಿಗೆ ಹೋದನೋ’ ಎಂಬಂಥ ಮಾತುಗಳಿಂದ ಅದರಲ್ಲಿ ವ್ಯಂಗ್ಯವು ಎಷ್ಟು ಗಟ್ಟಿಯಾಗಿ ಅಂಟಿದೆಯೆಂದರೆ ಬರೆದವನ ಗುಟ್ಟು ತಕ್ಷಣ ಬಯಲಾಗುತ್ತದೆ. ‘ಗಣ್ಯ’ ಸಭೆ ಸಮಾರಂಭಗಳ ಪದ, ‘ದೊಡ್ಡ ಕುಳ’ ಹಣವಂತನಿಗೆ ಮಾತ್ರ ಸಲ್ಲುವುದು.

ಉಳಿಯುವುದು ‘ದೊಡ್ಡ ಮನುಷ್ಯ’. ಊರಿನಲ್ಲಿ ಹಣ, ಜಮೀನು, ಮಾತಿನ ತೂಕ ಇರುವವನನ್ನು ‘ಅವರು ದೊಡ್ಡ ಮನುಷ್ಯರು’ ಎಂದು ನಾವು ಯಾವ ಕೊಂಕೂ ಇಲ್ಲದೆ ಹೇಳುತ್ತೇವೆ. ಧಾರವಾಡದ ಕಡೆ ‘ದೊಡ್ಡ ಮಂದಿ’ ಎಂಬುದೂ ಹೀಗೆಯೇ. ಅವರು ಒಳ್ಳೆಯವರೋ ಅಲ್ಲವೋ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಅದೇ ಪದವನ್ನು ಧ್ವನಿ ಸ್ವಲ್ಪ ತಿರುಗಿಸಿ ‘ಬಂದರು ನೋಡಿ ದೊಡ್ಡ ಮನುಷ್ಯರು’ ಎಂದರೆ ಚುಚ್ಚುಮಾತಾಗುತ್ತದೆ. ಒಂದೇ ಪದ ಎರಡೂ ಕಡೆ ಸಲ್ಲುವುದು, ಯಾವ ಕಡೆಯೆಂದು ಬರಹ ತಾನಾಗಿ ಹೇಳದಿರುವುದು, ಇವೇ ಇಂಗ್ಲಿಷಿನ ‘ಗ್ರೇಟ್ ಮ್ಯಾನ್’ ವಾಲ್ಪೋಲನ ಕಾಲದಲ್ಲಿ ಹೊಂದಿದ್ದ ಗುಣಗಳು.

ಈ ಆಯ್ಕೆಗೆ ಇನ್ನೂ ಬಲವಾದ ಆಧಾರ ಫೀಲ್ಡಿಂಗನಲ್ಲಿಯೇ ಇದೆ. ಅವನು 1752ರಲ್ಲಿ ‘ಕಾವೆಂಟ್ ಗಾರ್ಡನ್ ಜರ್ನಲ್’ ಎಂಬ ಪತ್ರಿಕೆಯನ್ನು ನಡೆಸಿದನು. ಅದರ ಆರಂಭದ ಸಂಚಿಕೆಯೊಂದರಲ್ಲಿ ಸಮಕಾಲೀನ ಬಳಕೆಯ ಪದಗಳಿಗೆ ಒಂದು ಪುಟ್ಟ ನಿಘಂಟನ್ನೇ ಕಟ್ಟಿಕೊಟ್ಟನು. ಪದಗಳು ತಮ್ಮ ಅರ್ಥವನ್ನು ಕಳೆದುಕೊಂಡು ಬರಿಯ ಸದ್ದುಗಳಾಗುತ್ತಿವೆಯೆಂಬ ಕಳವಳ ಅದರ ಹಿಂದಿದೆ. ದೇಶಭಕ್ತನೆಂದರೆ ಸರಕಾರಿ ಹುದ್ದೆಯ ಅಭ್ಯರ್ಥಿ, ರಾಜಕೀಯವೆಂದರೆ ಆ ಹುದ್ದೆಯನ್ನು ಪಡೆಯುವ ಕಲೆ, ಯೋಗ್ಯತೆಯೆಂದರೆ ಅಧಿಕಾರ, ಅಂತಸ್ತು ಮತ್ತು ಸಂಪತ್ತು, ವಿವೇಕವೆಂದರೆ ಆ ಮೂರನ್ನೂ ಗಳಿಸುವ ಉಪಾಯ. ‘ಗ್ರೇಟ್’ ಎಂಬುದಕ್ಕೆ ಅವನು ಕೊಟ್ಟ ಅರ್ಥ ಇದು: ವಸ್ತುವಿಗೆ ಹೇಳಿದಾಗ ಗಾತ್ರವನ್ನು ಸೂಚಿಸುತ್ತದೆ; ಮನುಷ್ಯನಿಗೆ ಹೇಳಿದಾಗ ಅನೇಕ ಸಲ ಸಣ್ಣತನವನ್ನು, ಇಲ್ಲವೇ ನೀಚತನವನ್ನು ಸೂಚಿಸುತ್ತದೆ. ಬಂಡೆಯನ್ನು ನಾವು ‘ಮಹಾಪುರುಷ’ದ ‘ಮಹಾ’ದಿಂದ ವರ್ಣಿಸುವುದು ವಿರಳ, ‘ಶ್ರೇಷ್ಠ’ ಎಂದಂತೂ ಹೇಳಲಾರೆವು. ‘ದೊಡ್ಡ ಬಂಡೆ’, ‘ದೊಡ್ಡ ಮನುಷ್ಯ’ ಎರಡೂ ಸಲೀಸು. ಎದುರು ಪದವಾಗಿ ನಮ್ಮಲ್ಲಿ ‘ಸಣ್ಣತನ’ ಎಂಬುದು ಗಾತ್ರದ ಅರ್ಥವನ್ನು ಬಿಟ್ಟು ಕ್ಷುದ್ರಬುದ್ಧಿ ಎಂಬ ಅರ್ಥದಲ್ಲಿಯೇ ನೆಲೆ ನಿಂತಿದೆ. ಫೀಲ್ಡಿಂಗನ ಈ ವ್ಯಾಖ್ಯೆ ಕನ್ನಡಕ್ಕೆ ಬಂದಾಗ ಒಂದಿಷ್ಟೂ ಸೊರಗುವುದಿಲ್ಲ ಎಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ತೊಡಕು ಇರುವುದು ಭಾವನಾಮದಲ್ಲಿ. ‘ಗ್ರೇಟ್‌ನೆಸ್’ಗೆ ‘ದೊಡ್ಡತನ’ ಎಂದು ಬರೆಯಲು ಹೋದರೆ ಕನ್ನಡ ಬೇರೆ ದಾರಿ ಹಿಡಿಯುತ್ತದೆ. ‘ಅದು ನಿಮ್ಮ ದೊಡ್ಡತನ’ ಎಂದು ನಾವು ಹೇಳುವುದು ಒಬ್ಬರು ಕ್ಷಮಿಸಿದಾಗ, ತಮ್ಮ ಹಕ್ಕನ್ನು ಬಿಟ್ಟುಕೊಟ್ಟಾಗ, ಮಾಡಿದ ಉಪಕಾರವನ್ನು ಹೇಳಿಕೊಳ್ಳದೆ ಇದ್ದಾಗ. ಅಂದರೆ ‘ದೊಡ್ಡ ಮನುಷ್ಯ’ನಲ್ಲಿ ಇಲ್ಲದ ಒಳ್ಳೆಯತನ ‘ದೊಡ್ಡತನ’ದಲ್ಲಿ ತುಂಬಿಕೊಂಡಿದೆ, ಒಂದೇ ಬೇರಿನ ಎರಡು ಪದಗಳು ಹೀಗೆ ಎರಡು ದಿಕ್ಕಿಗೆ ಹೋಗಿರುವುದು ಗಮನಿಸಬೇಕಾದ ವಿಷಯ. ‘ದೊಡ್ಡಸ್ತಿಕೆ’ ಎಂದರೆ ಇನ್ನೊಂದು ತುದಿ: ಅಲ್ಲಿ ಅಂತಸ್ತು, ಅದರ ಪ್ರದರ್ಶನ, ಸ್ವಲ್ಪ ಜಂಬ ಎಲ್ಲವೂ ಇವೆ, ಆದರೆ ‘ದೊಡ್ಡಸ್ತಿಕೆ ತೋರಿಸಬೇಡ’ ಎಂಬ ಗದರಿಕೆಯ ನೆನಪು ಓದುಗನಿಗೆ ಬಂದೇ ಬರುತ್ತದೆ. ‘ಹಿರಿಮೆ’ ಮತ್ತು ‘ಘನತೆ’ ಪೂರ್ತಿ ಗೌರವದ ಪದಗಳು. ‘ದೊಡ್ಡಸ್ತಿಕೆ’ಯನ್ನೇ ಇಟ್ಟುಕೊಂಡು, ಮೊದಲ ಅಧ್ಯಾಯದ ಸೂತ್ರವಾಕ್ಯದಲ್ಲಿ ಅದನ್ನು ‘ಒಳ್ಳೆಯತನ’ದ ಎದುರಿಗೆ ನಿಲ್ಲಿಸಿ, ಮುಂದೆ ಕಾದಂಬರಿಯ ಉದ್ದಕ್ಕೂ ಅದಕ್ಕೆ ಒಂದು ತಟಸ್ಥ ಅರ್ಥವನ್ನು ಓದುಗನ ಮನಸ್ಸಿನಲ್ಲಿ ರೂಢಿ ಮಾಡಬಹುದೆಂಬುದು ನನ್ನ ಸದ್ಯದ ಒಲವು.

ಇನ್ನೊಂದು ತೊಡಕು ಹೆಸರಿನದು. ಕಾದಂಬರಿಯ ಪೂರ್ಣ ಶೀರ್ಷಿಕೆಯಲ್ಲಿ ವೈಲ್ಡನ ಹೆಸರಿನ ಮುಂದೆ ‘ದಿ ಗ್ರೇಟ್’ ಎಂಬ ಬಿರುದು ಬರುತ್ತದೆ, ಅಲೆಕ್ಸಾಂಡರನಿಗೆ ಇರುವಂತೆ. ನಮ್ಮ ಚರಿತ್ರೆಯ ಪಾಠಗಳಲ್ಲಿ ಅವನು ‘ಅಲೆಕ್ಸಾಂಡರ್ ಮಹಾಶಯ’ನಾಗಿ ಪರಿಚಿತ. ‘ಜೊನಾಥನ್ ವೈಲ್ಡ್ ಮಹಾಶಯ’ ಎಂದರೆ ಶೀರ್ಷಿಕೆ ಚೆನ್ನಾಗಿ ಕೂರುತ್ತದೆ, ಆದರೆ ಒಳಗಿನ ‘ದೊಡ್ಡ ಮನುಷ್ಯ’ನೊಂದಿಗೆ ಅದರ ನಂಟು ಕಡಿದುಹೋಗುತ್ತದೆ. ‘ದೊಡ್ಡ ಮನುಷ್ಯ ಜೊನಾಥನ್ ವೈಲ್ಡ್’ ಎಂದರೆ ನಂಟು ಉಳಿಯುತ್ತದೆ, ಬಿರುದಿನ ಠೀವಿ ಹೋಗುತ್ತದೆ. ಎರಡರಲ್ಲಿ ಒಂದನ್ನು ಬಿಡಲೇಬೇಕಾದರೆ ನಾನು ಠೀವಿಯನ್ನು ಬಿಡುತ್ತೇನೆ.

‘ದೊಡ್ಡ ಮನುಷ್ಯ’ನ ಎದುರಿಗೆ ಫೀಲ್ಡಿಂಗ್ ಇಟ್ಟಿರುವವನು ಹಾರ್ಟ್‌ಫ್ರೀ ಎಂಬ ಆಭರಣದ ವ್ಯಾಪಾರಿ, ವೈಲ್ಡನ ಶಾಲೆಯ ಗೆಳೆಯ, ಅವನ ಮೋಸಕ್ಕೆ ಸಿಕ್ಕಿ ಗಲ್ಲಿನ ಹತ್ತಿರದವರೆಗೂ ಹೋಗಿ ಬಂದವನು. ಹೆಂಡತಿ ಮಕ್ಕಳನ್ನು ಪ್ರೀತಿಸುವ, ಸಾಲಗಾರರನ್ನು ಪೀಡಿಸದ, ಗೆಳೆಯನನ್ನು ನಂಬುವ ಈ ಸಜ್ಜನನನ್ನು ನಿರೂಪಕನು ಅದೇ ಗಂಭೀರ ಮುಖದಿಂದ ‘ಸಿಲ್ಲಿ’, ‘ಲೋ’ (ಕೀಳು) ಎಂದು ಕರೆಯುತ್ತಾನೆ. ‘ಸಿಲ್ಲಿ’ ಎಂಬ ಇಂಗ್ಲಿಷ್ ಪದ ಹಳೆಯ ಕಾಲದಲ್ಲಿ ‘ಧನ್ಯ’ ಎಂಬ ಅರ್ಥದಿಂದ ಹೊರಟು, ಮುಗ್ಧ, ಕನಿಕರಕ್ಕೆ ಪಾತ್ರ ಎಂಬ ಅರ್ಥಗಳನ್ನು ದಾಟಿ, ದಡ್ಡ ಎಂಬಲ್ಲಿಗೆ ಬಂದು ನಿಂತಿದೆ. ಇದಕ್ಕೆ ಮಲೆನಾಡು ಮತ್ತು ಕರಾವಳಿಯ ‘ಪಾಪದವನು’ ಎಂಬ ಮಾತು ನನಗೆ ಬಹಳ ಹತ್ತಿರವಾಗಿ ಕಾಣುತ್ತದೆ. ಯಾರಿಗೂ ಕೇಡು ಬಗೆಯದವನು, ಹಾಗೆಂದೇ ಯಾರು ಬೇಕಾದರೂ ಏಮಾರಿಸಬಹುದಾದವನು ಎಂಬ ಎರಡೂ ಭಾವಗಳು ಅದರಲ್ಲಿವೆ. ಆದರೆ ಬಯಲುಸೀಮೆಯ ಓದುಗರು ಇದನ್ನು ‘ಪಾಪ ಮಾಡಿದವನು’ ಎಂದು ತಿಳಿದುಕೊಳ್ಳುವ ಅಪಾಯ ಇದೆಯೇ ಎಂಬುದನ್ನು ಆ ಕಡೆಯವರು ತಿಳಿಸಬೇಕು.

1754ರಲ್ಲಿ ಫೀಲ್ಡಿಂಗ್ ಈ ಕಾದಂಬರಿಯನ್ನು ಪರಿಷ್ಕರಿಸಿದಾಗ, ಮೊದಲು ‘ಪ್ರಧಾನಮಂತ್ರಿ’ ಎಂದಿದ್ದ ಕಡೆಗಳಲ್ಲಿ ‘ಸ್ಟೇಟ್ಸ್‌ಮನ್’ ಎಂದು ತಿದ್ದಿದನು. ವಾಲ್ಪೋಲ್ ಆಗ ತೀರಿಹೋಗಿದ್ದನು. ಒಬ್ಬ ವ್ಯಕ್ತಿಯ ಮೇಲಿನ ಟೀಕೆ ಒಂದು ಇಡೀ ವರ್ಗದ ಮೇಲಿನ ಟೀಕೆಯಾಗಲಿ ಎಂಬುದು ಅದರ ಉದ್ದೇಶವಿದ್ದೀತು. ಇದಕ್ಕೆ ‘ಮುತ್ಸದ್ದಿ’ ಸಾಕೆಂದು ನನಗೆ ತೋರುತ್ತದೆ, ಏಕೆಂದರೆ ಲೆಕ್ಕಪತ್ರ ನೋಡುವ ಅಧಿಕಾರಿಯ ಹೆಸರಾಗಿ ಬಂದ ಆ ಪದದಲ್ಲಿ ಗೌರವವೂ ಇದೆ, ಚತುರ ಲೆಕ್ಕಾಚಾರದ ನೆರಳೂ ಇದೆ.

ಕೊನೆಯದಾಗಿ ‘ಥೀಫ್ ಟೇಕರ್’ ಎಂಬ ವೃತ್ತಿಯ ಹೆಸರು. ವೈಲ್ಡ್ ತನ್ನನ್ನು ತಾನು ಇಡೀ ದೇಶದ ಥೀಫ್ ಟೇಕರುಗಳ ಮುಖ್ಯಸ್ಥನೆಂದು ಕರೆದುಕೊಂಡಿದ್ದನು. ನಮ್ಮ ‘ತಳವಾರ’ ಅಥವಾ ‘ಕೊತ್ವಾಲ’ ಎಂದರೆ ಸರಿಹೋಗದು, ಅವರು ನೇಮಕಗೊಂಡವರು. ಇವನು ಬಹುಮಾನದ ಆಸೆಗೆ ತಾನಾಗಿ ಕಳ್ಳರನ್ನು ಹಿಡಿಯುತ್ತಿದ್ದ ಖಾಸಗಿ ವ್ಯಕ್ತಿ. ಈ ಪದಕ್ಕೆ ಫೀಲ್ಡಿಂಗನ ಬಾಳಿನಲ್ಲಿ ಇನ್ನೊಂದು ಅರ್ಥವೂ ಬಂದಿತು. 1748ರ ಕೊನೆಯಲ್ಲಿ ಅವನು ಲಂಡನ್ನಿನ ಬೋ ಸ್ಟ್ರೀಟಿನ ನ್ಯಾಯಾಧಿಕಾರಿಯಾದನು. ಮರುವರ್ಷ ಅವನ ಕಾದಂಬರಿ ‘ಟಾಮ್ ಜೋನ್ಸ್’ ಪ್ರಕಟವಾಯಿತು, ಅದೇ ಕಾಲದಲ್ಲಿ ಕಳ್ಳರನ್ನು ಹಿಡಿಯಲು ನಂಬಿಕೆಯ ಒಂದು ಚಿಕ್ಕ ಪಡೆಯನ್ನೂ ಅವನು ಕಟ್ಟಿದನು. ಬಡವರ ಜಗಳಗಳನ್ನು ಹೆಚ್ಚಿಸಿ ಶುಲ್ಕ ಗಿಟ್ಟಿಸುವ ಪದ್ಧತಿಯನ್ನು ಬಿಟ್ಟು ರಾಜಿ ಮಾಡಿಸಲು ತೊಡಗಿದ್ದರಿಂದ, ‘ಭೂಮಿಯ ಮೇಲಿನ ಅತ್ಯಂತ ಕೊಳಕು ಹಣ’ದ ವರ್ಷದ ಸುಮಾರು 500 ಪೌಂಡು ಆದಾಯ 300ಕ್ಕಿಂತ ತುಸು ಹೆಚ್ಚಿನ ಮಟ್ಟಕ್ಕೆ ಇಳಿಯಿತೆಂದು ಅವನು ತನ್ನ ಲಿಸ್ಬನ್ ಪ್ರಯಾಣದ ದಿನಚರಿಯಲ್ಲಿ ಬರೆದಿದ್ದಾನೆ. ಆ ಪ್ರಯಾಣದಿಂದ ಅವನು ಹಿಂದಿರುಗಲಿಲ್ಲ. 1754ರ ಅಕ್ಟೋಬರಿನಲ್ಲಿ ಲಿಸ್ಬನ್ನಿನಲ್ಲಿಯೇ ತೀರಿಕೊಂಡನು. ವೈಲ್ಡನ ಮೋಸದ ವೃತ್ತಿಗೂ ಬೋ ಸ್ಟ್ರೀಟಿನ ಪ್ರಾಮಾಣಿಕ ಪಡೆಗೂ ಒಂದೇ ಹೆಸರು ಸಲ್ಲಬೇಕಾದ್ದರಿಂದ ‘ಕಳ್ಳಹಿಡುಕ’ ಎಂದು ಹೊಸದಾಗಿ ಕಟ್ಟಿಕೊಂಡಿದ್ದೇನೆ. ಸಮಾಸ ಸರಿಯೇ, ಕಿವಿಗೆ ಒಪ್ಪುತ್ತದೆಯೇ ಎಂದು ತಿಳಿದವರು ಹೇಳಬೇಕು.

ಒಟ್ಟಿನಲ್ಲಿ ಮುಖ್ಯವಾಗಿ ಕೇಳುವುದು ಇಷ್ಟು. ‘ದೊಡ್ಡಸ್ತಿಕೆ’ ಎಂಬ ಪದವನ್ನು ನಿಂದೆಯ ಸೋಂಕಿಲ್ಲದೆ, ಬರಿಯ ಅಂತಸ್ತು ಎಂಬ ಅರ್ಥದಲ್ಲಿ, ತಮ್ಮ ಊರಿನ ಹಿರಿಯರು ಬಳಸುವುದನ್ನು ಯಾರಾದರೂ ಕೇಳಿದ್ದೀರಾ? ಹಳೆಯ ಕಾಗದಪತ್ರಗಳಲ್ಲಿ, ಲಾವಣಿಗಳಲ್ಲಿ, ಬಯಲಾಟದ ಮಾತುಗಳಲ್ಲಿ ಅಂಥ ಪ್ರಯೋಗವಿದ್ದರೆ ದಯವಿಟ್ಟು ವಾಕ್ಯಸಹಿತ ಕಳುಹಿಸಿಕೊಡಿ. ವೈಲ್ಡ್ ಗಲ್ಲಿನ ಕೆಳಗೆ ನಿಂತು, ಪ್ರಾರ್ಥನೆ ಹೇಳಲು ಬಂದ ಪಾದ್ರಿಯ ಜೇಬಿನಿಂದ ಬಾಟಲಿಯ ಬಿರಡೆ ತೆಗೆಯುವ ತಿರುಪನ್ನು ಕದ್ದು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಪ್ರಾಣ ಬಿಡುವ ದೃಶ್ಯದಲ್ಲಿ ‘ಗ್ರೇಟ್‌ನೆಸ್’ ಎಂಬುದನ್ನು ನಾನು ಇನ್ನೂ ಖಾಲಿ ಬಿಟ್ಟಿದ್ದೇನೆ.